ಕಾವಲನ್ನು ಕಳಚುವ ಗುಂಡಿ

ಕಳೆದ ಮಾಘಮಾಸದ ಒಂದು ಭಾನುವಾರ ನಮ್ಮ ಅಣ್ಣನವರ ಮಗನು ಊಟದ ಹೊತ್ತಿನಲ್ಲಿ ಒಂದು ಮಾತನ್ನಾಡಿ ಮನೆಮಂದಿಯನ್ನೆಲ್ಲ ಬೆಚ್ಚಿಬೀಳಿಸಿದನು. ತನ್ನ ಮೋಟಾರನ್ನು ಚೆನ್ನೈ ಬಳಿಯ ಪಂದ್ಯದ ಹಾದಿಗೆ ಕೊಂಡೊಯ್ಯುವುದಾಗಿಯೂ, ಅಲ್ಲಿ ಅದರ ಟ್ರ್ಯಾಕ್ಷನ್ ಕಂಟ್ರೋಲನ್ನೂ ಸ್ಟೆಬಿಲಿಟಿ ಕಂಟ್ರೋಲನ್ನೂ ನಿಲ್ಲಿಸಿ ಓಡಿಸಬೇಕೆಂದಿರುವುದಾಗಿಯೂ ಹೇಳಿದನು. ಅತ್ತಿಗೆಯವರಿಗೆ ಆ ಹೆಸರುಗಳ ಅರ್ಥ ತಿಳಿಯದಿದ್ದರೂ ‘ನಿಲ್ಲಿಸಿ’ ಎಂಬ ಮಾತಿನ ಅರ್ಥ ಚೆನ್ನಾಗಿ ತಿಳಿಯಿತು. “ಕಾಪಾಡಲೆಂದು ಇಟ್ಟಿರುವುದನ್ನು ತೆಗೆದುಹಾಕಿ ಓಡಿಸುವುದು ಯಾವ ಬುದ್ಧಿವಂತಿಕೆಯೋ?” ಎಂದರು. ಹುಡುಗನು ನನ್ನ ಮುಖವನ್ನು ನೋಡಿ, “ಚಿಕ್ಕಪ್ಪ, ನೀವಾದರೂ ಹೇಳಿ” ಎಂದನು. ಆಗ ನನಗೂ ಉತ್ತರ ತೋಚಲಿಲ್ಲ. ಬಳಿಕ ಓದಿ, ಬಲ್ಲವರನ್ನು ಕೇಳಿ, ಅವನೊಡನೆ ತಾನಾಗಿ ಹೋಗಿ ನೋಡಿಬಂದು ಇದನ್ನು ಬರೆಯುತ್ತಿದ್ದೇನೆ. ಮೋಟಾರೂ ಪ್ರಾಯದ ಹುಡುಗರೂ ಇರುವ ಮನೆಗಳಲ್ಲಿ ಈ ಪ್ರಶ್ನೆ ಇಂದಲ್ಲದಿದ್ದರೆ ನಾಳೆ ಏಳತಕ್ಕದ್ದೇ.

ಮೊದಲು ಟೈರಿನ ವಿಚಾರ. ಎಷ್ಟೇ ದೊಡ್ಡ ಮೋಟಾರಾದರೂ ನೆಲವನ್ನು ಮುಟ್ಟಿರುವುದು ನಾಲ್ಕು ಕಡೆ, ಒಂದೊಂದು ಕಡೆಯೂ ಹೆಚ್ಚು ಕಡಮೆ ಅಂಗೈಯಗಲದಷ್ಟು ಮಾತ್ರ. ವೇಗವನ್ನು ಏರಿಸುವುದು, ತಗ್ಗಿಸುವುದು, ಹಾದಿಯನ್ನು ತಿರುಗಿಸುವುದು ಎಲ್ಲವೂ ಈ ನಾಲ್ಕು ಅಂಗೈಗಳ ಹಿಡಿತದಿಂದಲೇ ಆಗಬೇಕು. ಗೃಹಸ್ಥನ ತಿಂಗಳ ವರಮಾನದಂತೆ ಈ ಹಿಡಿತಕ್ಕೂ ಒಂದು ಮಿತಿಯುಂಟು. ತಿರುವಿನಲ್ಲಿ ಅದನ್ನೆಲ್ಲ ತಿರುಗುವುದಕ್ಕೇ ವೆಚ್ಚಮಾಡಿದವನು ಅದೇ ಕ್ಷಣದಲ್ಲಿ ಆಕ್ಸಿಲರೇಟರನ್ನು ಒತ್ತಿದರೆ ಸಾಲ ಮಾಡಿದಂತೆ. ಟೈರು ಜಾರಿಯೇ ತೀರುವುದು. ಇಲ್ಲಿ ಒಂದು ಸೂಕ್ಷ್ಮವಿದೆ. ಟೈರು ಒಂದಿಷ್ಟೂ ಜಾರದೆ ಇದ್ದಾಗ ಅದರ ಹಿಡಿತ ಅತ್ಯಧಿಕವಾಗಿರುವುದೆಂದು ನಾವು ಭಾವಿಸುವೆವು, ವಾಸ್ತವ ಹಾಗಿಲ್ಲ. ಒಣಗಿದ ರಸ್ತೆಯಲ್ಲಿ ಗಾಲಿಯು ಬಂಡಿಯ ವೇಗಕ್ಕಿಂತ ಸುಮಾರು ಹತ್ತನೆಯ ಒಂದು ಪಾಲು ಹೆಚ್ಚಾಗಿ ಸುತ್ತುತ್ತ, ತುಸು ಜಾರುತ್ತಿರುವಾಗಲೇ ಹಿಡಿತವು ಶಿಖರವನ್ನು ಮುಟ್ಟುವುದು. ಅಲ್ಲಿಂದ ಮುಂದೆ ಇಳಿಜಾರು. ಪಂದ್ಯಗಾರನ ವಿದ್ಯೆಯೆಲ್ಲ ಈ ಶಿಖರದ ಮೇಲೆ ಕುಳಿತಿರುವ ವಿದ್ಯೆ.

ಸಾಮಾನ್ಯ ಚಾಲಕನಿಗೆ ಆ ವಿದ್ಯೆಯಿಲ್ಲ, ಬೇಕಾಗಿಯೂ ಇಲ್ಲ. ಅವನ ಪರವಾಗಿ ಯಂತ್ರವೇ ಕಾವಲಿರುವ ಏರ್ಪಾಡು ಮೂರು ಹೆಜ್ಜೆಗಳಲ್ಲಿ ಬಂದಿತು. ಬ್ರೇಕು ಒತ್ತಿದಾಗ ಗಾಲಿಗಳು ಕಚ್ಚಿಕೊಂಡು ನಿಲ್ಲದಂತೆ ನೋಡುವ ಎ.ಬಿ.ಎಸ್. ಎಂಬುದನ್ನು ಜರ್ಮನಿಯ ಬಾಷ್ ಕಂಪೆನಿಯು 1978ರಲ್ಲಿ ಮರ್ಸಿಡಿಸ್ ಮೋಟಾರುಗಳಿಗೆ ಒದಗಿಸಿತು. ಬೆಂಗಳೂರಿನ ಆಡುಗೋಡಿಯಲ್ಲಿ ಮೈಕೋ ಕಾರ್ಖಾನೆಯನ್ನು ತೆರೆದ ಬಾಷ್ ಇದೇ. ನಮ್ಮೂರಿನ ಎಷ್ಟೋ ಸಂಸಾರಗಳು ಅದರ ಸಂಬಳದಲ್ಲಿ ಬೆಳೆದಿವೆ. ಎಂಜಿನಿನ ಬಲಕ್ಕೆ ಗಾಲಿಗಳು ಬರಿದೆ ಸುತ್ತದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲು 1986ರಲ್ಲಿ ಬಂದಿತು. ಬಂಡಿಯು ಹಾದಿಯಿಂದ ಅಡ್ಡ ತಿರುಗದಂತೆ ಕಾಯುವ ಸ್ಟೆಬಿಲಿಟಿ ಕಂಟ್ರೋಲು 1995ರಲ್ಲಿ.

ಈ ಮೂರನೆಯದು ಬಹು ಜಾಣತನದ್ದು. ಸ್ಟೀರಿಂಗು ಎಷ್ಟು ತಿರುಗಿದೆ, ನಾಲ್ಕು ಗಾಲಿಗಳು ಎಷ್ಟೆಷ್ಟು ವೇಗದಲ್ಲಿವೆ, ಬಂಡಿಯ ಮೈ ಎತ್ತ ಸುತ್ತುತ್ತಿದೆ ಎಂಬುದನ್ನು ಅದು ಸೆಕೆಂಡಿಗೆ ಇಪ್ಪತ್ತೈದು ಬಾರಿ ನೋಡಿ, ಚಾಲಕನು ಹೋಗಬೇಕೆಂದಿರುವ ದಿಕ್ಕಿಗೂ ಬಂಡಿ ಹೋಗುತ್ತಿರುವ ದಿಕ್ಕಿಗೂ ತಾಳೆ ಹಾಕುವುದು. ಬಂಡಿಯ ಹಿಂಭಾಗ ಹೊರಕ್ಕೆ ಬೀಸಿದರೆ ತಿರುವಿನ ಹೊರಬದಿಯ ಮುಂದಿನ ಗಾಲಿಯೊಂದಕ್ಕೇ ಬ್ರೇಕು ಹಾಕುವುದು. ಮೂತಿಯು ತಿರುಗದೆ ನೇರ ನುಗ್ಗಿದರೆ ಒಳಬದಿಯ ಹಿಂದಿನ ಗಾಲಿಗೆ. ಒಂದೇ ಗಾಲಿಯನ್ನು ಹೀಗೆ ಆರಿಸಿ ಬಿಗಿಹಿಡಿಯುವುದು ಎಂಥ ನಿಪುಣ ಚಾಲಕನಿಗೂ ಸಾಧ್ಯವಿಲ್ಲ. ಅವನಿಗಿರುವುದು ಒಂದೇ ಬ್ರೇಕು ಪೆಡಲು ತಾನೆ! 1997ರ ಅಕ್ಟೋಬರಿನಲ್ಲಿ ಸ್ವೀಡನ್ನಿನ ಪತ್ರಿಕೆಯೊಂದು, ರಸ್ತೆಗೆ ಅಡ್ಡ ಬಂದ ಎಲ್ಕ್ ಎಂಬ ದೊಡ್ಡ ಕಡವೆಯಂಥ ಮೃಗವನ್ನು ತಪ್ಪಿಸುವ ರೀತಿಯಲ್ಲಿ ಮರ್ಸಿಡಿಸಿನ ಹೊಸ ಸಣ್ಣ ಮೋಟಾರನ್ನು ಓಡಿಸಿ ನೋಡಿದಾಗ ಅದು ಮಗುಚಿಬಿದ್ದಿತು. ಆ ಕಂಪೆನಿಯು ಅದಕ್ಕೆಲ್ಲ ಈ ಕಾವಲನ್ನು ಕಡ್ಡಾಯವಾಗಿ ಜೋಡಿಸಿತು. ಬೇರೆ ಬಂಡಿಗೆ ತಾಗದೆ ತಾನೇ ಹಾದಿ ತಪ್ಪಿ ಆಗುವ ಮಾರಕ ಅಪಘಾತಗಳ ಸಂಭವವನ್ನು ಇದು ಸುಮಾರು ಅರ್ಧಕ್ಕೆ ಇಳಿಸಿದೆಯೆಂದು ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾಸಂಸ್ಥೆಯವರು ಕಂಡುಕೊಂಡರು. ಅಮೆರಿಕದಲ್ಲಿ 2012ರ ಮಾದರಿಗಳಿಂದ, ಯೂರೋಪಿನ ಒಕ್ಕೂಟದಲ್ಲಿ 2014ರ ನವೆಂಬರಿನಿಂದ, ಹೊಸ ಮೋಟಾರುಗಳಿಗೆಲ್ಲ ಇದು ಇರಲೇಬೇಕೆಂದಾಯಿತು.

ಅತ್ತಿಗೆಯವರ ಪ್ರಶ್ನೆ ಆದುದರಿಂದ ಇನ್ನೂ ಬಲವಾಯಿತು. ಇಷ್ಟು ಉಪಕಾರಿಯಾದುದನ್ನು ನಿಲ್ಲಿಸುವುದೇತಕ್ಕೆ?

ಈ ಕಾವಲನ್ನು ಅಳವಡಿಸಿದವರ ಕಣ್ಣೆದುರಿಗೆ ಇದ್ದುದು ಮಳೆಯ ರಸ್ತೆ, ಸವೆದ ಟೈರು, ದಣಿದ ಚಾಲಕ, ಅಡ್ಡ ಓಡಿಬರುವ ಮಗು. ಆದುದರಿಂದ ಅದು ಶಿಖರಕ್ಕೆ ಬಹು ಮುಂಚೆಯೇ ಕೈಹಿಡಿದು ಹಿಂದಕ್ಕೆಳೆಯುವುದು. ರಸ್ತೆಯಲ್ಲಿ ಅದು ಸರಿ. ಪಂದ್ಯದ ಹಾದಿಯಲ್ಲಾದರೋ ತಿರುವಿನಿಂದ ಹೊರಬಂದು ವೇಗವೇರಿಸಬೇಕಾದ ಗಳಿಗೆಯಲ್ಲಿಯೇ ಎಂಜಿನು ಉಸಿರುಕಟ್ಟಿದಂತಾಗುವುದು. ಸುತ್ತಿನ ಮೇಲೆ ಸುತ್ತು ಯಂತ್ರವೇ ಬ್ರೇಕು ಹಾಕುತ್ತಿರುವುದರಿಂದ ಚಾಲಕನಿಗೆ ತಿಳಿಯದೆಯೇ ಬ್ರೇಕುಗಳು ಕಾಯ್ದು, ಅದರಲ್ಲಿಯೂ ಹಿಂದಿನವು ಅನುಮಾನಕ್ಕೆಡೆಯಿಲ್ಲದಷ್ಟು ಬೇಗ ಸವೆಯುವುವು. ಇವೆರಡೂ ಹೇಗಾದರೂ ಸಹಿಸಬಹುದಾದವು. ಮುಖ್ಯವಾದುದು ಮೂರನೆಯದು, ಅದನ್ನು ನಾನು ಪುಸ್ತಕದಲ್ಲಿ ಓದಿದಾಗ ಅರ್ಥವಾಗಲಿಲ್ಲ, ಹಾದಿಯ ಬದಿಯಲ್ಲಿ ನಿಂತಾಗ ಆಯಿತು.

ಇರುಂಗಾಟ್ಟುಕೋಟೆಯು ಬೆಂಗಳೂರಿನಿಂದ ಚೆನ್ನೈಗೆ ಹೋಗುವ ಹೆದ್ದಾರಿಯಲ್ಲಿ, ಶ್ರೀಪೆರಂಬುದೂರಿನ ಬಳಿ ಇದೆ. 1990ರಲ್ಲಿ ಆರಂಭವಾದ ಅಲ್ಲಿನ ಹಾದಿ ಸುಮಾರು 3.7 ಕಿಲೋಮೀಟರು, ಹನ್ನೆರಡು ತಿರುವು. ಹುಡುಗನ ಪಕ್ಕದಲ್ಲಿ ಕುಳಿತು ಕಲಿಸಲು ಒಪ್ಪಿದ್ದವರು ನಡುವಯಸ್ಸು ದಾಟಿದ ಒಬ್ಬ ಹಳೆಯ ಪಂದ್ಯಗಾರರು. ಅವರು ಮೊದಲು ಗುಂಡಿಯನ್ನು ಮುಟ್ಟಗೊಡಲೇ ಇಲ್ಲ. “ಎದುರಿಗಿರುವ ಹಳದಿ ದೀಪವನ್ನು ನೋಡು” ಎಂದರಂತೆ. ಮೋಟಾರಿನ ಚಿತ್ರದ ಕೆಳಗೆ ಎರಡು ಡೊಂಕುಗೆರೆಗಳಿರುವ ಆ ದೀಪ ಮಿನುಗಿದರೆ ಕಾವಲುಗಾರನು ಕೆಲಸದಲ್ಲಿದ್ದಾನೆಂದು ಅರ್ಥ. ಒಂದೇ ಸಮನೆ ಉರಿದರೆ ಅವನಿಲ್ಲವೆಂದು. ಆರಿದ್ದರೆ ಸುಮ್ಮನೆ ಎಚ್ಚರವಾಗಿ ಕುಳಿತಿದ್ದಾನೆಂದು. “ದೀಪ ಮಿನುಗದಂತೆ ಹತ್ತು ಸುತ್ತು ಬಂದ ಮೇಲೆ ಮುಂದಿನ ಮಾತು.”

ಬೆಳಗೆಲ್ಲ ಹುಡುಗನು ಸೊಗಸಾಗಿ ಓಡಿಸಿದನೆಂದು ನನಗೆ ಕಂಡಿತು. ಅವನಿಗೂ ಹಾಗೆಯೇ ಕಂಡಿತು. ಊಟವಾದ ಮೇಲೆ ಕಾಡಿಬೇಡಿ ಒಪ್ಪಿಗೆ ಪಡೆದು ಕಾವಲನ್ನು ಕಳಚಿದನು. ಎರಡನೆಯ ಸುತ್ತಿನಲ್ಲಿ ಒಂದು ನಿಧಾನದ ತಿರುವಿನಿಂದ ಹೊರಡುವಾಗ ಆಕ್ಸಿಲರೇಟರನ್ನು ತುಸು ಮುಂಚಿತವಾಗಿ ಒತ್ತಿದನು. ಹಿಂದಿನ ಗಾಲಿಗಳಿಂದ ನಡೆಯುವ ಬಂಡಿಯದು. ಹಿಂಭಾಗ ಹೊರಕ್ಕೆ ಬೀಸಿತು. ಕಾಲನ್ನು ಸ್ವಲ್ಪ ಸಡಿಲಿಸಿ, ಜಾರುವ ಕಡೆಗೇ ಸ್ಟೀರಿಂಗನ್ನು ತಿರುಗಿಸಿದ್ದರೆ ಸಾಕಾಗಿತ್ತು. ಅವನು ಗಾಬರಿಯಾಗಿ ಕಾಲನ್ನು ಪೂರ್ತಿ ಕಿತ್ತನು. ಭಾರವೆಲ್ಲ ಮುಂದಕ್ಕೆ ವಾಲಿ ಹಿಂದಿನ ಗಾಲಿಗಳು ಇನ್ನೂ ಹಗುರವಾದವು; ಮೋಟಾರು ಬುಗುರಿಯಂತೆ ಸುತ್ತಿ, ಬಂದ ದಿಕ್ಕಿಗೇ ಮುಖ ಮಾಡಿ ಹುಲ್ಲಿನ ಮೇಲೆ ನಿಂತಿತು. ಎದೆ ಹೊಡೆದುಕೊಳ್ಳುತ್ತಿರುವುದು ನನಗೇ ಕೇಳಿಸಿತು. ಯಾರಿಗೂ ಪೆಟ್ಟಾಗಲಿಲ್ಲ, ಬಂಡಿಗೂ ಏನೂ ಆಗಲಿಲ್ಲ. ಗುರುಗಳು ಇಳಿದು ಬಂದು ನನ್ನೆದುರಿಗೇ ಅವನನ್ನು ಕೇಳಿದರು:

“ಬೆಳಿಗ್ಗೆ ಇದೇ ತಿರುವಿನಲ್ಲಿ ಇದೇ ತಪ್ಪನ್ನು ಎಷ್ಟು ಸಲ ಮಾಡಿದೆ, ಗೊತ್ತೆ?”

“ಒಂದು ಸಲವೂ ಇಲ್ಲ ಸಾರ್.”

“ಏಳು ಸಲ. ನಾನು ದೀಪವನ್ನು ಎಣಿಸುತ್ತಿದ್ದೆ.”

ಹುಡುಗನ ಮುಖ ಸಪ್ಪಗಾಯಿತು. ಏಳು ಸಲವೂ ಯಂತ್ರವು ಅವನ ತಪ್ಪನ್ನು ಸದ್ದಿಲ್ಲದೆ ತಿದ್ದಿತ್ತು. ಅವನು ಆ ತಿದ್ದುಪಡಿಯನ್ನು ತನ್ನ ಚಾತುರ್ಯದ ಲೆಕ್ಕಕ್ಕೆ ಬರೆದುಕೊಂಡಿದ್ದನು. ಕಾವಲನ್ನು ತೆಗೆಯುವುದಕ್ಕೆ ನಿಜವಾದ ಕಾರಣವಿರುವುದು ಇಲ್ಲಿಯೇ. ಹೆಚ್ಚು ವೇಗ ಸಿಗುವುದೆಂದಲ್ಲ; ತನಗೆ ಬರುವುದೆಷ್ಟು, ಬಾರದುದೆಷ್ಟು ಎಂಬ ಲೆಕ್ಕ ಕೈಗೆ ಸಿಗುವುದೆಂದು. ಫಾರ್ಮುಲಾ ಒನ್ ಪಂದ್ಯಗಳಲ್ಲಿ 1994ರಿಂದ ಟ್ರ್ಯಾಕ್ಷನ್ ಕಂಟ್ರೋಲನ್ನು ನಿಷೇಧಿಸಿ, 2001ರಲ್ಲಿ ಮತ್ತೆ ಬಿಟ್ಟು, 2008ರಲ್ಲಿ ಪುನಃ ನಿಷೇಧಿಸಿದ ಚರಿತ್ರೆಯ ಹಿಂದೆಯೂ ಗೆದ್ದವನು ಮನುಷ್ಯನೋ ಯಂತ್ರವೋ ಎಂಬ ಇದೇ ತಕರಾರಿತ್ತು.

ಹಾಗೆಂದು ನಿಲ್ಲಿಸುವುದೇ ಶೌರ್ಯವೆಂದು ಯಾರೂ ತಿಳಿಯಬಾರದು. ಜಿ.ಟಿ.3 ಎಂಬ ವರ್ಗದ ಪಂದ್ಯದ ಮೋಟಾರುಗಳಲ್ಲಿ ಪಳಗಿದ ವೃತ್ತಿಗಾರರೇ ಟ್ರ್ಯಾಕ್ಷನ್ ಕಂಟ್ರೋಲನ್ನು ಇಟ್ಟುಕೊಂಡು ಓಡಿಸುವರು. ಬಲಿಷ್ಠವಾದ ಕೆಲವು ಹೊಸ ಮೋಟಾರುಗಳಲ್ಲಿ ಈ ಕಾವಲನ್ನು ಒಂಬತ್ತು ಹತ್ತು ಮೆಟ್ಟಿಲುಗಳಲ್ಲಿ ಸಡಿಲಿಸುವ ಅನುಕೂಲವುಂಟು; ಮೆಟ್ಟಿಲಿರುವಾಗ ಅಟ್ಟದಿಂದ ಧುಮುಕುವುದೇಕೆ? ಮಳೆ ಬಿದ್ದ ಹಾದಿಯಲ್ಲಿಯೂ, ಟೈರುಗಳಿನ್ನೂ ಕಾಯದ ಮೊದಲ ಸುತ್ತುಗಳಲ್ಲಿಯೂ ಕಾವಲಿರುವುದೇ ಲೇಸು. ಹಾದಿಯನ್ನೂ ನೋಡಬೇಕು. ಜಾರಿದ ಬಂಡಿ ಹೋಗಿ ನಿಲ್ಲಲು ಹುಲ್ಲೋ ಜಲ್ಲಿಯೋ ವಿಶಾಲವಾಗಿರುವ ಕಡೆ ಈ ಪಾಠ ಅಗ್ಗ. 1927ರಲ್ಲಿ ತೆರೆದ ಜರ್ಮನಿಯ ನ್ಯೂರ್‌ಬರ್ಗ್‌ರಿಂಗಿನ ಉತ್ತರದ ಸುತ್ತು 20.8 ಕಿಲೋಮೀಟರು, ಅಲ್ಲಿ ಬಹುಭಾಗ ತಡೆಗೋಡೆ ಹಾದಿಗೆ ಅಂಟಿಕೊಂಡಂತಿದೆ. ದುಡ್ಡು ಕೊಟ್ಟು ಯಾರು ಬೇಕಾದರೂ ಓಡಿಸಬಹುದಾದ ದಿನಗಳಲ್ಲಿ ಅದು ಕಾನೂನಿನ ದೃಷ್ಟಿಯಲ್ಲಿ ಸಾಧಾರಣ ರಸ್ತೆಯೇ. ಅಂಥಲ್ಲಿ ಹೊಸಬನು ಗುಂಡಿಯನ್ನು ಮುಟ್ಟದಿರುವುದು ಮೇಲು.

ಗುಂಡಿಯ ವಿಚಾರದಲ್ಲಿ ಒಂದು ಮಾತು. ಎಷ್ಟೋ ಮೋಟಾರುಗಳಲ್ಲಿ ಅದನ್ನು ಒಮ್ಮೆ ಒತ್ತಿಬಿಟ್ಟರೆ ಟ್ರ್ಯಾಕ್ಷನ್ ಕಂಟ್ರೋಲು ಮಾತ್ರ ನಿಲ್ಲುವುದು. ಕೆಲವು ಸೆಕೆಂಡು ಒತ್ತಿಹಿಡಿದರೆ ಮಾತ್ರ ಸ್ಟೆಬಿಲಿಟಿಯದೂ. ಕೆಲವದರಲ್ಲಿ ಏನು ಮಾಡಿದರೂ ಅದು ಪೂರ್ತಿ ನಿಲ್ಲದು. ಎ.ಬಿ.ಎಸ್. ಸಾಮಾನ್ಯವಾಗಿ ಹಾಗೆಯೇ ಉಳಿಯುವುದು. ಮೋಟಾರಿನೊಡನೆ ಕೊಟ್ಟ ಕೈಪಿಡಿಯನ್ನು ಓದದೆ ‘ಇದೆ’ ಎಂದೋ ‘ಇಲ್ಲ’ ಎಂದೋ ನಂಬುವುದು ಅಪಾಯ. ಖರ್ಚಿನ ಚೀಲ ಯಾರ ಕೈಯಲ್ಲಿದೆಯೋ ಅವರಿಗೆ ಇನ್ನೊಂದು ಸಂಗತಿ: ನಮ್ಮ ದೇಶದ ಮೋಟಾರು ವಿಮಾಪತ್ರಗಳಲ್ಲಿ ಪಂದ್ಯ, ವೇಗದ ಪರೀಕ್ಷೆ ಮುಂತಾದ ಉಪಯೋಗಗಳನ್ನು ಹೊರಗಿಟ್ಟಿರುತ್ತಾರೆ. ಅಲ್ಲಿ ಮುರಿದದ್ದು ಮನೆಯ ದುಡ್ಡಿನಿಂದಲೇ ಸರಿಯಾಗಬೇಕು. ಇದನ್ನು ಕೇಳಿದ ಮೇಲೆ ನಮ್ಮ ಅಣ್ಣನವರು ಬಹಳ ಹೊತ್ತು ಮಾತನಾಡಲಿಲ್ಲ.

ಅಂದು ಸಂಜೆ ಹುಡುಗನು ಕಾವಲನ್ನು ಮತ್ತೆ ಹಾಕಿಕೊಂಡು, ದೀಪವನ್ನೇ ಗಮನಿಸುತ್ತ ಇನ್ನೂ ಆರು ಸುತ್ತು ಬಂದನು. ಎರಡು ಸಲ ಮಿನುಗಿತೆಂದು ತಾನೇ ಹೇಳಿದನು. ರಾತ್ರಿ ಬೆಂಗಳೂರಿಗೆ ಮರಳಿದಾಗ ಅತ್ತಿಗೆಯವರು ಬಾಗಿಲಲ್ಲೇ ಕಾದಿದ್ದರು. ಹುಲ್ಲಿನ ಮೇಲೆ ಸುತ್ತಿದ ಕಥೆಯನ್ನು ಅವನು ಮುಚ್ಚಿಡಲಿಲ್ಲ. ಅಷ್ಟು ಅವನಿಗೆ ಶ್ರೇಯಸ್ಸು.

“ಅದನ್ನು ಮತ್ತೆ ಹಾಕಿದ್ದೀಯೇನೋ?” ಎಂದರು.

“ಎಂಜಿನನ್ನು ನಿಲ್ಲಿಸಿ ಮತ್ತೆ ಹೊರಡಿಸಿದರೆ ಅದು ತಾನಾಗಿಯೇ ಬರುತ್ತದಮ್ಮ.”

ಅವರು ನಂಬಲಿಲ್ಲ. ಸೆರಗನ್ನು ಹೊದೆದುಕೊಂಡು ಬೀದಿಗಿಳಿದು, ಅವನ ಪಕ್ಕದ ಪೀಠದಲ್ಲಿ ಕುಳಿತು, ತೋರಿಸು ಎಂದರು. ಅವನು ಎಂಜಿನನ್ನು ಹೊರಡಿಸಿದನು. ಹಳದಿ ದೀಪ ಒಂದು ಕ್ಷಣ ಹತ್ತಿ, ಆರಿತು.

“ಆರಿಹೋಯಿತಲ್ಲೋ!” ಎಂದರು ಅತ್ತಿಗೆಯವರು. ಆರಿದ್ದರೇ ಕಾವಲಿದೆಯೆಂದು ಅರ್ಥವೆಂಬುದನ್ನು ಅವನು ವಿವರಿಸತೊಡಗಿದನು. ನಾನು ಕೈಕಾಲು ತೊಳೆಯಲು ಒಳಕ್ಕೆ ಬಂದೆನು.