ಹೊಸತೋ, ನೆಚ್ಚಿಕೆಯದೋ?

ಮೊಬೈಲ್ ಫೋನು ಗಟ್ಟಿಮುಟ್ಟಾಗಿಯೇ ಇರುತ್ತದೆ; ಪರದೆ ಒಡೆದಿರುವುದಿಲ್ಲ, ಬ್ಯಾಟರಿಯೂ ದಿನಪೂರ್ತಿ ಬಾಳುತ್ತದೆ. ಆದರೆ ತಯಾರಿಸಿದ ಕಂಪೆನಿ ಕೆಲವೇ ವರ್ಷಗಳಲ್ಲಿ ಅದರ ತಂತ್ರಾಂಶವನ್ನು ನವೀಕರಿಸುವುದನ್ನು ನಿಲ್ಲಿಸಿಬಿಡುತ್ತದೆ. ಹೀಗೆ ಕೈಬಿಟ್ಟ ಫೋನಿಗೆ ಹೊರಗಿನವರು ಸಿದ್ಧಪಡಿಸಿದ ತಂತ್ರಾಂಶವನ್ನು ಹಾಕಿಕೊಳ್ಳುವ ಹಾದಿಯೊಂದಿದೆ. ‘ಕಸ್ಟಮ್ ರೋಮ್’ ಎಂಬುದು ಅದರ ಹೆಸರು.

ಗೂಗಲ್ ಸಂಸ್ಥೆಯು ಆಂಡ್ರಾಯ್ಡಿನ ಮೂಲ ಸಂಕೇತವನ್ನು ಎಲ್ಲರಿಗೂ ತೆರೆದಿಟ್ಟಿದ್ದರಿಂದ ಇದು ಸಾಧ್ಯವಾಯಿತು. 2009ರಲ್ಲಿ ಸ್ಟೀವ್ ಕೊಂಡಿಕ್ ಆರಂಭಿಸಿದ ಸಯನೋಜೆನ್‌ಮಾಡ್ ಇಂಥವುಗಳಲ್ಲಿ ಹೆಸರಾಯಿತು. ಅದರಲ್ಲಿ ಪರೀಕ್ಷಿಸಿ ಹೊರತಂದ ‘ಸ್ಟೇಬಲ್’ ಆವೃತ್ತಿಗಳಿದ್ದವು. ಅಂದಂದಿನ ಬದಲಾವಣೆಗಳನ್ನು ಸೇರಿಸಿ ರಾತ್ರಿ ಯಂತ್ರವೇ ಕಟ್ಟಿಕೊಡುವ ‘ನೈಟ್ಲಿ’ಗಳೂ ಇದ್ದವು. ನೈಟ್ಲಿಯಲ್ಲಿ ಹೊಸ ಸೌಲಭ್ಯ ಮೊದಲು ಸಿಗುತ್ತಿತ್ತು. ಅದರ ಬೆನ್ನಿಗೇ ಕ್ಯಾಮರಾ ಕೈಕೊಡುವ, ಕರೆ ನಡುವೆಯೇ ಕಡಿದುಹೋಗುವ ಅಪಾಯವೂ ಇತ್ತು.

ಹೊಸತನ್ನು ಬಯಸುವುದು ಬರಿಯ ಶೋಕಿಯೆಂದು ತಳ್ಳಿಹಾಕುವಂತಿಲ್ಲ. 2012ರ ಆಂಡ್ರಾಯ್ಡ್ 4.1ಕ್ಕೆ ಮೊದಲಿನ ಅನೇಕ ಫೋನುಗಳಲ್ಲಿ ಕನ್ನಡ ಅಕ್ಷರಗಳ ಬದಲಿಗೆ ಖಾಲಿ ಚೌಕಗಳು ಕಾಣಿಸುತ್ತಿದ್ದವು. ಮನೆಯವರ ಪತ್ರ, ಶಾಲೆಯ ಸುದ್ದಿಗಳನ್ನು ಕನ್ನಡದಲ್ಲೇ ಓದಬಯಸುವ ನಮ್ಮಂಥವರಿಗೆ ಅಂದು ಹೊಸ ಆವೃತ್ತಿಯೆಂದರೆ ತಾಯ್ನುಡಿಯೇ ಆಗಿತ್ತು. ಅಲ್ಲದೆ, ಭದ್ರತೆಯ ತೇಪೆ ನಿಂತುಹೋದ ಹಳೆಯ ತಂತ್ರಾಂಶ ಮೇಲ್ನೋಟಕ್ಕೆ ಸ್ಥಿರವಾಗಿ ಕಂಡರೂ, ಬೀಗವಿಲ್ಲದ ಮನೆಯಂತೆ.

ಆದರೆ ಇಂದು ಫೋನಿನೊಳಗೇ ಬ್ಯಾಂಕು ಇದೆ. ಕಸ್ಟಮ್ ರೋಮ್ ಹಾಕಲು ಮೊದಲು ‘ಬೂಟ್‌ಲೋಡರ್’ನ ಬೀಗ ತೆಗೆಯಬೇಕು. ಆಗ ಫೋನಿನಲ್ಲಿದ್ದ ಭಾವಚಿತ್ರ, ದಾಖಲೆಗಳೆಲ್ಲ ಅಳಿಸಿಹೋಗುತ್ತವೆ. ಬೀಗ ತೆರೆದ ಫೋನಿನಲ್ಲಿ ಹಲವು ಬ್ಯಾಂಕುಗಳ ಆ್ಯಪ್‌ಗಳು ಕೆಲಸ ಮಾಡಲು ಒಪ್ಪುವುದಿಲ್ಲ. ಗಲ್ಫಿನಲ್ಲಿರುವ ಮಗನ ಕರೆಯನ್ನೋ ಬ್ಯಾಂಕಿನ ಒಟಿಪಿಯನ್ನೋ ಕಾಯುವ ಮನೆಗೆ ಪರದೆಯ ಹೊಸ ಬಣ್ಣಕ್ಕಿಂತ ತಪ್ಪದೆ ರಿಂಗಾಗುವ ಫೋನೇ ಮುಖ್ಯ.

‘ಸ್ಟೇಬಲ್’ ಎಂಬ ಹಣೆಪಟ್ಟಿಯೊಂದನ್ನೇ ನಂಬಿದರೂ ಸಾಲದು. ಸಯನೋಜೆನ್ ಕಂಪೆನಿ 2016ರ ಕೊನೆಗೆ ತನ್ನ ಸೇವೆಗಳನ್ನು ಮುಚ್ಚಿತು. ಸ್ವಯಂಸೇವಕರು ಆ ಕೆಲಸವನ್ನು ಲೀನಿಯೇಜ್ ಓಎಸ್ ಎಂಬ ಹೆಸರಿನಲ್ಲಿ ಮುಂದುವರಿಸಿದರು. ಒಂದೊಂದು ಮಾದರಿಯ ಫೋನಿಗೂ ಅದನ್ನು ನೋಡಿಕೊಳ್ಳುವವರು ಬೇಕು. ಅವರು ಕೈಬಿಟ್ಟರೆ ನವೀಕರಣವೂ ನಿಲ್ಲುತ್ತದೆ. ಆದ್ದರಿಂದ ನಿಮ್ಮ ಮಾದರಿಗೆ ಈಗಲೂ ನವೀಕರಣ ಬರುತ್ತಿದೆಯೇ, ಯಾವ ದೋಷಗಳು ಉಳಿದಿವೆ, ಹಳೆಯ ತಂತ್ರಾಂಶಕ್ಕೆ ಮರಳುವ ದಾರಿಯಿದೆಯೇ ಎಂಬ ಮೂರನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ನಮ್ಮ ಕೃಷಿಕರು ಹಳೆಯ ಅಡಿಕೆ ಮರಗಳ ನಡುವೆ ಹೊಸ ಸಸಿ ನೆಟ್ಟು, ಅದು ಫಲ ಕೊಡತೊಡಗಿದ ಮೇಲೆ ಹಳೆಯದನ್ನು ಕಡಿಯುತ್ತಾರೆ. ಇಲ್ಲಿಯೂ ಅದೇ ಜಾಣತನ ಸಲ್ಲುತ್ತದೆ. ಕಪಾಟಿನಲ್ಲಿ ಮೂಲೆಗುಂಪಾದ ಹಳೆಯ ಫೋನಿನಲ್ಲಿ ಪ್ರಯೋಗ ನಡೆಯಲಿ. ದಿನಬಳಕೆಯ ಫೋನು ಸದ್ಯಕ್ಕೆ ಇದ್ದಂತೆಯೇ ಇರಲಿ.