ಅರವಟ್ಟಿಗೆಯ ಗುಣ ಮನೆಯಲ್ಲೂ ಇರಲಿ

ತಿಂಗಳ 20ನೇ ತಾರೀಖು. ಪಾತ್ರೆ ತೊಳೆದು ಮುಗಿಸಿದ ಕೆಲಸದಾಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, "ಅಕ್ಕಾ, ಮಗೂಗೆ ಹುಷಾರಿಲ್ಲ. ಎರಡು ಸಾವಿರ ಬೇಕಿತ್ತು" ಅಂತಾಳೆ. ತಕ್ಷಣ ನಮ್ಮ ತಲೆಯೊಳಗೆ ವಿಚಾರಣೆ ಶುರು. ಹೋದ ತಿಂಗಳು ಹೇಳದೆ ಕೇಳದೆ ಎರಡು ದಿನ ರಜೆ ಹಾಕಿದ್ದಳಲ್ಲ? ಹಳೇ ಅಡ್ವಾನ್ಸೇ ತೀರಿಲ್ಲವಲ್ಲ? ಗಂಡ ಕುಡೀತಾನಂತೆ, ದುಡ್ಡು ಅಲ್ಲಿಗೇ ಹೋದರೆ? ಒಮ್ಮೆ ಕೊಟ್ಟರೆ ರೂಢಿಯಾಗುತ್ತೆ ಅಂತ ಪಕ್ಕದ ಮನೆಯವರು ಬೇರೆ ಎಚ್ಚರಿಸಿದ್ದಾರೆ. ಇದೆಲ್ಲ ಮುಗಿಯುವ ಹೊತ್ತಿಗೆ ಮಗುವಿನ ಜ್ವರ ಮರೆತೇ ಹೋಗಿರುತ್ತೆ!

ಇಂಥ ಯೋಚನೆ ಬರುವುದು ತಪ್ಪಲ್ಲ. ನಮ್ಮ ಕೈಯಲ್ಲಿರುವುದೂ ಅಳೆದು ಸುರಿದ ಸಂಸಾರದ ದುಡ್ಡೇ ತಾನೇ? ಆದರೆ ಆಕೆ ಒಳ್ಳೆಯವಳೇ ಅನ್ನುವುದು ಒಂದು ಪ್ರಶ್ನೆ, ಆಕೆಗೆ ಕಷ್ಟ ಇದೆಯೇ ಅನ್ನುವುದು ಇನ್ನೊಂದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಸಹಾಯ ಅನ್ನುವುದು ಬಹುಮಾನವಾಗಿಬಿಡುತ್ತದೆ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಬಿರುಬೇಸಿಗೆಯಲ್ಲಿ ದಾರಿ ಬದಿ ಅರವಟ್ಟಿಗೆ ಇಟ್ಟು ನೀರು, ಮಜ್ಜಿಗೆ ಕೊಡುತ್ತಿದ್ದರು. ರಾಮನವಮಿಯಂದು ಈಗಲೂ ಬೀದಿ ಬೀದಿಯಲ್ಲಿ ಪಾನಕ, ಕೋಸಂಬರಿ ಹಂಚುತ್ತಾರೆ. ಲೋಟ ಚಾಚಿದವನನ್ನು ಯಾರಾದರೂ "ನೀನು ಯೋಗ್ಯನೇನಪ್ಪಾ?" ಅಂತ ಕೇಳುತ್ತಾರೆಯೇ? ಬಾಯಾರಿಕೆಯೊಂದೇ ಅಲ್ಲಿ ಅರ್ಹತೆ. ಶರಣರ ದಾಸೋಹದ ಹಿಂದಿರುವ ಭಾವವೂ 'ನಾನು ದಾಸ' ಎಂಬುದೇ. ಕೊಡುವ ಕೈ ಮೇಲೆ ಅನ್ನುವ ಅಹಂಕಾರಕ್ಕೆ ಅಲ್ಲಿ ಜಾಗವಿಲ್ಲ.

ಹಾಗಂತ ಒಂದು ಮಾತು ನೆನಪಿರಲಿ. ಸಲ್ಲಬೇಕಾದ್ದನ್ನು ಸಲ್ಲಿಸುವುದು ದಯೆಯಲ್ಲ. ಹೊತ್ತಿಗೆ ಸರಿಯಾಗಿ ಸಂಬಳ, ವಾರಕ್ಕೊಂದು ರಜೆ, ಹುಷಾರಿಲ್ಲದಾಗ ಕಡಿತವಿಲ್ಲದ ಬಿಡುವು, ಇವು ದುಡಿದವರಿಗೆ ನ್ಯಾಯವಾಗಿ ಸಿಗಬೇಕಾದ್ದು. ನಮ್ಮ ರಾಜ್ಯದಲ್ಲಿ ಮನೆಕೆಲಸಕ್ಕೂ ಕನಿಷ್ಠ ವೇತನ ನಿಗದಿಯಾಗಿದ್ದು 2004ರಲ್ಲಿ. ದೀಪಾವಳಿಗೊಂದು ಸೀರೆ ಕೊಟ್ಟು ವರ್ಷವಿಡೀ ಸಂಬಳ ಕಡಿಮೆ ಕೊಟ್ಟರೆ ಅದು ಔದಾರ್ಯವಲ್ಲ. ಬಾಕಿ ತೀರಿದ ಮೇಲೆ ಕೊಡುತ್ತೇವಲ್ಲ, ಅಲ್ಲಿಂದ ಕರುಣೆಯ ಲೆಕ್ಕ ಶುರು.

ಹೇಗೆ ಕೊಡಬೇಕು ಅಂತೀರಾ? ಹೀಗೆ ಮಾಡಿ ನೋಡಿ.

* ಪ್ರತಿ ತಿಂಗಳೂ ಕೈಲಾದಷ್ಟನ್ನು ಪ್ರತ್ಯೇಕವಾಗಿ ಎತ್ತಿಡಿ. ಸಾಸಿವೆ ಡಬ್ಬಿಯ 100 ರೂಪಾಯಿಯಾದರೂ ಸರಿ. ಆಗ ಕೊಡುವಾಗ ಮನಸ್ಸು ಹಿಂಜರಿಯುವುದಿಲ್ಲ, ಮನೆ ಖರ್ಚಿಗೂ ತೊಂದರೆಯಿಲ್ಲ.

* ಸಾಲವೋ, ಹಾಗೇ ಕೊಟ್ಟಿದ್ದೋ ಆಗಲೇ ಹೇಳಿಬಿಡಿ. "ಇದನ್ನು ವಾಪಸ್ ಕೊಡಬೇಡಮ್ಮ" ಅಂದಮೇಲೆ ಮುಂದಿನ ಜಗಳದಲ್ಲಿ ಅದನ್ನು ಎತ್ತಿ ಆಡಬೇಡಿ.

* ದುಡ್ಡು ಬೇರೆಡೆ ಹೋದೀತೆಂಬ ಭಯವಿದ್ದರೆ ಔಷಧಿ ಅಂಗಡಿಯ ಬಿಲ್ಲನ್ನೋ, ಶಾಲೆಯ ಫೀಸನ್ನೋ ನೀವೇ ಕಟ್ಟಿ.

* ಆಗದಿದ್ದರೆ ಅಂದೇ "ಆಗಲ್ಲ" ಅನ್ನಿ. ನಾಲ್ಕು ದಿನ ಕಾಯಿಸಿ ಇಲ್ಲ ಅನ್ನುವುದು ಇನ್ನೂ ಕಷ್ಟ.

* ಹಳಸಿದ ಸಾರು, ಹರಿದ ಬಟ್ಟೆ ಕೊಡಬೇಡಿ. ನಿಮ್ಮ ತಂಗಿಗೆ ಕೊಡಲು ನಾಚುವಂಥದ್ದನ್ನು ಆಕೆಗೂ ಕೊಡಬೇಡಿ.

* ಕೊಟ್ಟದ್ದನ್ನು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಹೇಳಿಕೊಳ್ಳಬೇಡಿ. ನಮಗದು ಸುದ್ದಿ, ಆಕೆಗದು ಮಾನದ ಪ್ರಶ್ನೆ.

* ದುಡ್ಡೇ ಆಗಬೇಕೆಂದಿಲ್ಲ. ಆಕೆಯ ಜತೆ ಬ್ಯಾಂಕಿಗೆ ಹೋಗಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಹೆಸರು ಬರೆಸಿ. 18ರಿಂದ 70 ವರ್ಷದವರಿಗೆ ಇರುವ ಈ ವಿಮೆಗೆ 2022ರ ಜೂನ್‌ನಿಂದ ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಸಾವು ಸಂಭವಿಸಿದರೆ ಮನೆಯವರಿಗೆ 2 ಲಕ್ಷ ಸಿಗುತ್ತದೆ. ಗಂಡನ ಹೊಡೆತ ತಾಳಲಾರದೆ ನಿಮ್ಮ ಮುಂದೆ ಅತ್ತರೆ ಮಹಿಳಾ ಸಹಾಯವಾಣಿ 181 ಇದೆಯೆಂದು ತಿಳಿಸಿ, ಬೇಕಾದರೆ ನಿಮ್ಮ ಫೋನಿನಿಂದಲೇ ಮಾತಾಡಿಸಿ.

ಇನ್ನೂ ಕಷ್ಟದ ಪರೀಕ್ಷೆ ಇರುವುದು ಹೊರಗಿನವರ ವಿಷಯದಲ್ಲಲ್ಲ, ನಮ್ಮವರಲ್ಲೇ! ಎರಡು ವರ್ಷದಿಂದ ಮಾತು ಬಿಟ್ಟ ವಾರಗಿತ್ತಿ ಆಪರೇಷನ್ ಮಾಡಿಸಿಕೊಂಡು ಮಲಗಿದ್ದಾಳೆ ಅಂದುಕೊಳ್ಳಿ. ನಿಮ್ಮ ಮಗಳ ನಾಮಕರಣಕ್ಕೂ ಬಂದವಳಲ್ಲ ಆಕೆ. "ಅವಳೇ ಮೊದಲು ಮಾತಾಡಲಿ" ಅಂತ ಹಟ ಹಿಡಿದರೆ ಯಾರೂ ತಪ್ಪು ಅನ್ನಲಾರರು. ಆದರೂ ಒಂದು ಕ್ಯಾರಿಯರಿನಲ್ಲಿ ಬಿಸಿ ಅನ್ನ, ತಿಳಿಸಾರು ಕಳಿಸಿ ನೋಡಿ. ಹಳೇ ಜಗಳದ ತೀರ್ಪು ಆ ಕ್ಯಾರಿಯರಿನಲ್ಲಿ ಬೇಡ. "ನೋಡಿದೆಯಾ, ನಾನೇ ಸೋತು ಬಂದೆ" ಅನ್ನುವ ಚೀಟಿಯೂ ಬೇಡ.

ಕ್ಯಾರಿಯರ್ ತೊಳೆಯದೆ, ಒಂದು ಥ್ಯಾಂಕ್ಸೂ ಹೇಳದೆ ವಾಪಸ್ ಬಂದೀತು. ಕೆಲಸದಾಕೆ ಮುಂದಿನ ತಿಂಗಳೇ ಬೇರೆ ಮನೆ ಹಿಡಿದಾಳು. ಬೇಸರವಾಗುತ್ತೆ, ನಿಜ. ಆದರೆ ಅರವಟ್ಟಿಗೆಯಲ್ಲಿ ನೀರು ಕುಡಿದವರೆಲ್ಲ ತಿರುಗಿ ಬಂದು ಕೈ ಮುಗಿದಿದ್ದುಂಟೇ? ಅವರ ದಾಹ ತೀರಿತಲ್ಲ, ಅಷ್ಟು ಸಾಕು. ಹೂಜಿಗೆ ಮತ್ತೆ ನೀರು ತುಂಬಿಡೋಣ.