ಕಿಟಕಿಯ ಜಾಲರಿಗೊಂದು ತೇಪೆ

ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ಕನ್ನಡದಲ್ಲಿ ಬಹು ಹಳೆಯದು. ಪಟ್ಟಣದ ಮನೆಗಳಲ್ಲಿ ಸೊಳ್ಳೆಯ ವಿಷಯದಲ್ಲಿ ನಡೆಯುವುದು ಬಹುಮಟ್ಟಿಗೆ ಇದೇ. ಮನೆ ಕಟ್ಟಿಸುವಾಗ ಯಜಮಾನರು ಕೈಬಿಚ್ಚಿ ಖರ್ಚು ಮಾಡಿ ಎಲ್ಲ ಕಿಟಕಿಗಳಿಗೂ ಜಾಲರಿ ಹಾಕಿಸಿರುತ್ತಾರೆ. ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ಅಡಿಗೆಮನೆಯ ಕಿಟಕಿಯಲ್ಲಿ ಬೆಕ್ಕಿನ ಉಗುರಿಗೆ ಸಿಕ್ಕ ಎಳೆಯೊಂದು ಹರಿದಿರುತ್ತದೆ. ಮಲಗುವ ಕೋಣೆಯ ಜಾಲರಿಯ ಮೂಲೆ ಚೌಕಟ್ಟಿನಿಂದ ಬಿಟ್ಟುಕೊಂಡಿರುತ್ತದೆ. ಹುಡುಗರ ಚೆಂಡು ತಗುಲಿದ ಕಡೆ ಅಂಗೈಯಗಲದ ಕಂಡಿಯಾಗಿರುತ್ತದೆ. ‘ಮುಂದಿನ ತಿಂಗಳು ಬಡಗಿಯನ್ನು ಕರೆಸೋಣ’ ಎಂದು ಮನೆಯವರೆಲ್ಲರೂ ಸಮಾಧಾನಪಟ್ಟುಕೊಳ್ಳುತ್ತಾರೆ. ಬಡಗಿ ಬರುವ ಮೊದಲೇ ಜ್ವರ ಬರುತ್ತದೆ.

ಹರಿದ ಜಾಲರಿ ಜಾಲರಿಯೇ ಇಲ್ಲದ ಕಿಟಕಿಗಿಂತ ಒಂದು ರೀತಿಯಲ್ಲಿ ಕೆಟ್ಟದ್ದು. ಜಾಲರಿ ಇಲ್ಲದ ಮನೆಯವರು ಸಂಜೆಯಾಗುತ್ತಲೆ ಕಿಟಕಿ ಮುಚ್ಚುತ್ತಾರೆ, ಮಂಚಕ್ಕೆ ಸೊಳ್ಳೆಪರದೆ ಕಟ್ಟುತ್ತಾರೆ. ಜಾಲರಿ ಇರುವ ಮನೆಯವರು ಅದನ್ನೇ ನಂಬಿ ನಿಶ್ಚಿಂತೆಯಿಂದ ನಿದ್ರಿಸುತ್ತಾರೆ. ಒಳನುಸುಳಿದ ಸೊಳ್ಳೆಗೆ ಹೊರಗೆ ಹೋಗುವ ದಾರಿ ಸುಲಭವಾಗಿ ಸಿಕ್ಕದೆ ಅದು ಒಳಗೇ ಉಳಿಯುತ್ತದೆ.

ಜಾಲರಿಯ ಹಿರಿಮೆ

ಕಿಟಕಿಗೆ ಬಿಗಿದ ಬಲೆಯೊಂದು ಪ್ರಾಣವನ್ನು ಉಳಿಸಬಲ್ಲುದೆಂಬ ಮಾತು ಅತಿಶಯೋಕ್ತಿಯಲ್ಲ. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯಾಧಿಕಾರಿಯಾಗಿದ್ದ ರೊನಾಲ್ಡ್ ರಾಸ್, ತಮ್ಮ ಬಂಗಲೆಯ ಸೊಳ್ಳೆಗಳ ಕಾಟಕ್ಕೆ ಹತ್ತಿರದಲ್ಲೇ ಇದ್ದ ನೀರಿನ ಪಾತ್ರೆಯೊಂದು ಕಾರಣವೆಂಬುದನ್ನು ಗಮನಿಸಿದರು; ಆ ನೀರನ್ನು ಚೆಲ್ಲಿಸಿದ ಮೇಲೆ ಕಾಟ ತಗ್ಗಿತು. ಅದೇ ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಜಠರದಲ್ಲಿ ಮಲೇರಿಯಾ ರೋಗಾಣುವನ್ನು ಕಂಡರು. 1902ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಆದರೆ ಕೆಟ್ಟ ಗಾಳಿಯಿಂದಲೇ ಜ್ವರ ಬರುತ್ತದೆಂಬ ನಂಬಿಕೆ ಒಮ್ಮೆಲೆ ಅಳಿಯಲಿಲ್ಲ. ಅದನ್ನು ಪರೀಕ್ಷಿಸಲೆಂದು 1900ರಲ್ಲಿ ಸಾಂಬೊನ್ ಮತ್ತು ಲೋ ಎಂಬಿಬ್ಬರು ವೈದ್ಯರು ಇಟಲಿಯಲ್ಲಿ ರೋಮ್ ನಗರದ ಬಳಿಯ ಆಸ್ಟಿಯಾ ಪ್ರದೇಶಕ್ಕೆ ಹೋದರು. ಆ ಕಾಲದಲ್ಲಿ ಅದು ಮಲೇರಿಯಾದ ತವರುಮನೆ. ಕಿಟಕಿ ಬಾಗಿಲುಗಳಿಗೆಲ್ಲ ತಂತಿಯ ಜಾಲರಿ ಬಿಗಿದ ಮರದ ಗುಡಿಸಲೊಂದರಲ್ಲಿ ಅವರು ಸುಮಾರು ಮೂರು ತಿಂಗಳು ವಾಸವಾಗಿದ್ದರು. ಹಗಲು ಸುತ್ತಮುತ್ತ ಓಡಾಡುತ್ತಿದ್ದರು. ಸೂರ್ಯಾಸ್ತಕ್ಕೆ ಮೊದಲೇ ಒಳಗೆ ಸೇರಿ ಸೂರ್ಯೋದಯದ ತನಕ ಹೊರಗೆ ಕಾಲಿಡುತ್ತಿರಲಿಲ್ಲ. ಜೌಗುನೆಲದ ರಾತ್ರಿಯ ಗಾಳಿ ಜಾಲರಿಯ ಮೂಲಕ ಧಾರಾಳವಾಗಿ ಒಳಗೆ ಬೀಸುತ್ತಿತ್ತು. ಕ್ವಿನೈನನ್ನು ಅವರು ಮುಟ್ಟಲಿಲ್ಲ. ನೆರೆಹೊರೆಯವರು ಜ್ವರದಿಂದ ನರಳುತ್ತಿದ್ದರೂ ಗುಡಿಸಲಿನವರು ಆರೋಗ್ಯದಿಂದಿದ್ದರು. ಗಾಳಿ ನಿರಪರಾಧಿ, ಅಪರಾಧಿ ಸೊಳ್ಳೆ ಎಂಬುದು ಹೀಗೆ ಒಂದು ಜಾಲರಿಯ ಸಾಕ್ಷ್ಯದಿಂದ ಸಿದ್ಧವಾಯಿತು.

ಇಂದು ಪಟ್ಟಣಗಳಲ್ಲಿ ಮಲೇರಿಯಾಕ್ಕಿಂತ ಹೆಚ್ಚಾಗಿ ಕೇಳಿಬರುವ ಹೆಸರು ಡೆಂಗಿ. 2024ರಲ್ಲಿ ಕರ್ನಾಟಕ ಸರ್ಕಾರವು ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಯಿತು. ಡೆಂಗಿಯನ್ನು ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ಮುಖ್ಯವಾಗಿ ಬೆಳಗಿನ ಹೊತ್ತು ಮತ್ತು ಸೂರ್ಯಾಸ್ತಕ್ಕೆ ಮುಂಚೆ. ಆದುದರಿಂದ ರಾತ್ರಿ ಮಾತ್ರ ಕಟ್ಟುವ ಮಂಚದ ಪರದೆ ಇದಕ್ಕೆ ಸಾಲದು. ಕೂಸು ಹಗಲು ಮಲಗುವ ಕೋಣೆಗೂ, ಹಿರಿಯರು ಪತ್ರಿಕೆ ಓದುತ್ತ ಕೂರುವ ಪಡಸಾಲೆಗೂ ಕಿಟಕಿಯ ಜಾಲರಿಯೇ ಕಾವಲು.

ಕಂಡಿಯನ್ನು ಹುಡುಕುವ ಬಗೆ

ರಿಪೇರಿಗೆ ಮೊದಲು ತಪಾಸಣೆ. ಬಿಸಿಲು ಚೆನ್ನಾಗಿರುವ ಹೊತ್ತಿನಲ್ಲಿ ಕೋಣೆಯ ದೀಪ ಆರಿಸಿ, ಒಳಗಿನಿಂದ ಜಾಲರಿಯನ್ನು ನಿಧಾನವಾಗಿ ದೃಷ್ಟಿಸಿ ನೋಡಬೇಕು. ಸಣ್ಣ ಕಂಡಿಯೂ ಬೆಳಕಿನ ಚುಕ್ಕೆಯಾಗಿ ಕಾಣುತ್ತದೆ. ಬಳಿಕ ಅಂಚುಗಳನ್ನು ಬೆರಳಿನಿಂದ ಒತ್ತಿ ಪರೀಕ್ಷಿಸಬೇಕು. ಜಾಲರಿಯ ನಡುವೆ ಹರಿದದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ. ಚೌಕಟ್ಟಿನಿಂದ ಅರ್ಧ ಅಂಗುಲ ಬಿಟ್ಟುಕೊಂಡ ಮೂಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಸೊಳ್ಳೆಗಾದರೋ ಅದೇ ಹೆಬ್ಬಾಗಿಲು. ಬಚ್ಚಲುಮನೆಯ ಗವಾಕ್ಷಿ, ಹಿತ್ತಲ ಬಾಗಿಲಿನ ಕೆಳಗಿನ ಸಂದು, ಜಾರುಕಿಟಕಿಯ ಎರಡು ಕದಗಳು ಕೂಡುವ ಗೆರೆ, ಇವನ್ನೂ ಮರೆಯಬಾರದು.

ಜಾಲರಿಯ ಜಾತಿಯನ್ನು ತಿಳಿಯುವುದು ಎರಡನೆಯ ಕೆಲಸ. ಹಳೆಯ ಮನೆಗಳ ಮರದ ಚೌಕಟ್ಟುಗಳಲ್ಲಿ ಸಾಮಾನ್ಯವಾಗಿ ತಂತಿಯ ಜಾಲರಿ ಇರುತ್ತದೆ. ಸತುವಿನ ಲೇಪವಿರುವ ಕಬ್ಬಿಣದ ತಂತಿ ಅಗ್ಗ, ಆದರೆ ಕಡಲತೀರದ ಊರುಗಳಲ್ಲಿ ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ. ಅಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಲೇಸು. ಹೊಸ ಮನೆಗಳ ಅಲ್ಯೂಮಿನಿಯಂ ಚೌಕಟ್ಟುಗಳಲ್ಲಿ ಹೆಚ್ಚಾಗಿ ಕಾಣುವುದು ಫೈಬರ್ ಗ್ಲಾಸ್ ಜಾಲರಿ. ಇನ್ನು ಫ್ಲಾಟುಗಳಲ್ಲಿ ವೆಲ್ಕ್ರೋ ಪಟ್ಟಿಯಿಂದ ಅಂಟಿಸಿದ ನೈಲಾನ್ ಬಲೆ. ಹೊಸದಾಗಿ ಕೊಳ್ಳುವಾಗ ಅಂಗಡಿಯಲ್ಲಿ ಕಣ್ಣಿನ ಅಳತೆ ಕೇಳಬೇಕು. ಸೊಳ್ಳೆಗೆ ಸಾಮಾನ್ಯವಾಗಿ ಬಳಕೆಯಲ್ಲಿರುವುದು ಒಂದು ಅಂಗುಲದಲ್ಲಿ ಒಂದು ಕಡೆ 18, ಇನ್ನೊಂದು ಕಡೆ 16 ಎಳೆಗಳಿರುವ ಜಾಲರಿ. ಇದಕ್ಕಿಂತ ದಟ್ಟವಾದದ್ದು ನುಸಿಯನ್ನೂ ತಡೆದೀತು. ಆದರೆ ಗಾಳಿಯನ್ನೂ ಅಷ್ಟೇ ತಡೆಯುತ್ತದೆ.

ಸಣ್ಣ ಕಂಡಿಗೆ ಸಣ್ಣ ಮದ್ದು

ಉಗುರಿನಿಂದ ಹೋಗುವುದಕ್ಕೆ ಕೊಡಲಿ ಬೇಕಿಲ್ಲ. ಎಳೆ ಹರಿಯದೆ ಬರಿದೆ ಸರಿದಿದ್ದರೆ, ದಬ್ಬಣದ ಮೊನೆಯಿಂದ ಒಂದೊಂದಾಗಿ ಸ್ವಸ್ಥಾನಕ್ಕೆ ಸರಿಸಿದರೆ ಸಾಕು. ಒಂದೆರಡು ಎಳೆ ಹರಿದಿದ್ದಲ್ಲಿ ತುದಿಗಳನ್ನು ಸೇರಿಸಿ, ಬಣ್ಣವಿಲ್ಲದ ನೇಲ್ ಪಾಲಿಶನ್ನು ಒಂದು ಹನಿ ಹಚ್ಚಬೇಕು. ಒಣಗಿದ ಮೇಲೆ ಇನ್ನೊಂದು ಹನಿ. ಗೃಹಿಣಿಯ ಅಲಂಕಾರದ ಪೆಟ್ಟಿಗೆಯಲ್ಲಿ ಇರುವ ಸೀಸೆಯೇ ಇಲ್ಲಿ ಬಡಗಿಯ ಕೆಲಸ ಮಾಡುತ್ತದೆ.

ಬಟ್ಟೆಯಂಥ ಜಾಲರಿ ಉದ್ದಕ್ಕೆ ಸೀಳಿದ್ದರೆ ರಫು ಹೊಲಿಗೆಯೇ ಉಪಾಯ. ಹತ್ತಿಯ ದಾರ ಮಳೆಗೆ ಕೊಳೆಯುತ್ತದೆ. ನೈಲಾನ್ ದಾರವನ್ನೋ ಮೀನಿನ ಗಾಳದ ಸಪೂರವಾದ ಎಳೆಯನ್ನೋ ಬಳಸಬೇಕು. ಸೀಳಿನ ಎರಡು ತುದಿಗಳಿಂದಲೂ ಅರ್ಧ ಅಂಗುಲ ಆಚೆಗೆ ಹೊಲಿಗೆ ಹೋಗಬೇಕು. ಇಲ್ಲವಾದರೆ ಸೀಳು ಮತ್ತೆ ಅಲ್ಲಿಂದಲೇ ಬೆಳೆಯುತ್ತದೆ. ದಾರವನ್ನು ಬಲವಾಗಿ ಎಳೆದರೆ ಜಾಲರಿ ಸುಕ್ಕುಗಟ್ಟಿ ಪಕ್ಕದಲ್ಲಿ ಹೊಸ ಕಂಡಿಗಳಾಗುತ್ತವೆ. ಸೀರೆಯ ಸೆರಗಿಗೆ ರಫು ಹಾಕಿ ಅಭ್ಯಾಸವಿರುವ ಕೈಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಅಂಗೈಯಗಲದ ಕಂಡಿಗೆ ತೇಪೆಯೇ ಗತಿ. ತಂತಿಯ ಜಾಲರಿಯಾದರೆ, ಮೊದಲು ಕಂಡಿಯ ಸುತ್ತಲಿನ ವಕ್ರವಾದ ತಂತಿಗಳನ್ನು ಕತ್ತರಿಸಿ ಚೌಕ ಮಾಡಿಕೊಳ್ಳಬೇಕು. ಅದೇ ಜಾತಿಯ ಜಾಲರಿಯ ತುಂಡನ್ನು ನಾಲ್ಕು ಕಡೆಯೂ ಒಂದೊಂದು ಅಂಗುಲ ಹೆಚ್ಚಿಗೆ ಬರುವಂತೆ ಕತ್ತರಿಸಬೇಕು. ಆ ತುಂಡಿನ ನಾಲ್ಕು ಅಂಚಿನಿಂದಲೂ ಅಂಚಿಗೆ ಸಮನಾಗಿರುವ ಕೆಲವು ತಂತಿಗಳನ್ನು ಬಿಡಿಸಿ ತೆಗೆದರೆ, ಅರ್ಧ ಅಂಗುಲದಷ್ಟು ಉದ್ದದ ತುದಿಗಳು ಬಾಚಣಿಗೆಯ ಹಲ್ಲಿನಂತೆ ಉಳಿಯುತ್ತವೆ. ಇವನ್ನು ಲಂಬವಾಗಿ ಬಗ್ಗಿಸಿ, ಕಂಡಿಯ ಮೇಲೆ ಇಟ್ಟು ಗಟ್ಟಿ ಜಾಲರಿಯ ಕಣ್ಣುಗಳಲ್ಲಿ ತೂರಿಸಿ, ಹಿಂಬದಿಯಲ್ಲಿ ಇಕ್ಕಳದಿಂದ ಮಡಿಸಿಬಿಡಬೇಕು. ಅಂಟೂ ಬೇಡ, ದಾರವೂ ಬೇಡ. ಕೈಗೆ ದಪ್ಪ ಬಟ್ಟೆಯ ಚೀಲ, ಕಣ್ಣಿಗೆ ಕನ್ನಡಕ ಇರುವುದು ಒಳ್ಳೆಯದು. ಕತ್ತರಿಸಿದ ತಂತಿಯ ಚೂರು ಸಿಡಿಯುವುದುಂಟು.

ಫೈಬರ್ ಗ್ಲಾಸ್ ಆದರೆ ಹೀಗೆ ಮಡಿಸಲಾಗದು. ತೇಪೆಯನ್ನು ಹೊಲಿಯಬೇಕು, ಇಲ್ಲವೆ ನೀರಿಗೆ ಜಗ್ಗದ ಅಂಟನ್ನು ಅಂಚಿಗೆ ತೆಳ್ಳಗೆ ಸವರಿ ಕೂರಿಸಬೇಕು. ಹಿಂದೆ ಪಾಲಿಥೀನ್ ಹಾಳೆಯಿಟ್ಟರೆ ಅಂಟು ಬೇರೆಡೆ ಮೆತ್ತಿಕೊಳ್ಳದು.

ಹೊಸ ಜಾಲರಿ ಬಿಗಿಯುವುದು

ಮೂರು ನಾಲ್ಕು ಕಡೆ ಹರಿದಿದ್ದರೆ, ಬೆರಳೊತ್ತಿದಲ್ಲೆಲ್ಲ ತುಕ್ಕು ಉದುರಿದರೆ, ತೇಪೆಯ ಮೇಲೆ ತೇಪೆ ಹಾಕುವುದು ವ್ಯರ್ಥ. ಮರದ ಚೌಕಟ್ಟನ್ನು ಕಿಟಕಿಯಿಂದ ಬಿಚ್ಚಿ ನೆಲದ ಮೇಲೆ ಮಲಗಿಸಬೇಕು. ಜಾಲರಿಯ ಅಂಚನ್ನು ಮುಚ್ಚಿರುವ ಬೀಡಿಂಗ್ ಪಟ್ಟಿಗಳನ್ನು ಚಪ್ಪಟೆ ತುದಿಯ ಸ್ಕ್ರೂ ಡ್ರೈವರಿನಿಂದ, ನಡುವಿನಿಂದ ಆರಂಭಿಸಿ ಮೆಲ್ಲನೆ ಮೀಟಿ ಎಬ್ಬಿಸಬೇಕು. ಯಾವ ಪಟ್ಟಿ ಯಾವ ಕಡೆಯದೆಂದು ಸೀಸದ ಕಡ್ಡಿಯಿಂದ ಗುರುತು ಹಾಕಿಟ್ಟರೆ ಕೊನೆಗೆ ಪರದಾಟವಿಲ್ಲ. ಹಳೆಯ ಮೊಳೆಗಳನ್ನು ಕಿತ್ತು, ಮರಕ್ಕೆ ಬಣ್ಣ ಬೇಕಿದ್ದರೆ ಆಗಲೇ ಬಳಿದು ಒಣಗಿಸಬೇಕು.

ಹೊಸ ಜಾಲರಿಯನ್ನು ನಾಲ್ಕು ಕಡೆಯೂ ಎರಡು ಅಂಗುಲ ಹೆಚ್ಚಿಗೆ ಕತ್ತರಿಸಿ, ಎಳೆಗಳು ಚೌಕಟ್ಟಿಗೆ ಸಮನಾಗಿ ನಿಲ್ಲುವಂತೆ ಹಾಸಬೇಕು. ಮೊದಲು ಮೇಲಿನ ಅಂಚಿಗೆ, ನಡುವಿನಿಂದ ಮೂಲೆಗಳ ಕಡೆಗೆ ಮೊಳೆ ಹೊಡೆಯುತ್ತ ಹೋಗಬೇಕು. ಬಿಗಿ ಬರಿಸಲು ಬಡಗಿಗಳ ಹಳೆಯ ಯುಕ್ತಿಯೊಂದುಂಟು. ಚೌಕಟ್ಟಿನ ಮೇಲಿನ ಹಾಗೂ ಕೆಳಗಿನ ತುದಿಗಳ ಅಡಿಯಲ್ಲಿ ತೆಳುವಾದ ಹಲಗೆಯ ತುಂಡುಗಳನ್ನಿಟ್ಟು, ನಡುವನ್ನು ಭಾರದಿಂದ ಸ್ವಲ್ಪ ತಗ್ಗಿಸಿ, ಆ ಸ್ಥಿತಿಯಲ್ಲಿ ಕೆಳಗಿನ ಅಂಚಿಗೆ ಮೊಳೆ ಹೊಡೆಯುವುದು. ಭಾರ ತೆಗೆದಾಗ ಬಗ್ಗಿದ ಚೌಕಟ್ಟು ನೆಟ್ಟಗಾಗಿ ಜಾಲರಿಯನ್ನು ತಾನೇ ಬಿಗಿಯುತ್ತದೆ. ಪಕ್ಕದ ಅಂಚುಗಳಿಗೆ ಕೊನೆಯ ಸರದಿ. ಪಟ್ಟಿಗಳನ್ನು ಮರಳಿ ಹೊಡೆದು ಹೆಚ್ಚಿನ ಜಾಲರಿಯನ್ನು ಕತ್ತರಿಸಿದರೆ ಕೆಲಸ ಮುಗಿಯಿತು.

ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ಮೊಳೆಯಿಲ್ಲ. ಗಾಡಿಯೊಳಗೆ ಒತ್ತಿದ ರಬ್ಬರ್ ಹುರಿಯೇ ಜಾಲರಿಯನ್ನು ಹಿಡಿದಿರುತ್ತದೆ. ಹುರಿಯನ್ನು ಒಂದು ಮೂಲೆಯಿಂದ ಎಳೆದು ತೆಗೆಯಬೇಕು. ಅದು ಗಡುಸಾಗಿ ಬಿರುಕು ಬಿಟ್ಟಿದ್ದರೆ ತುಂಡೊಂದನ್ನು ಅಂಗಡಿಗೆ ಒಯ್ದು ಅದೇ ದಪ್ಪದ ಹೊಸದನ್ನು ತರಬೇಕು. ಹೊಸ ಜಾಲರಿ ಹಾಸಿ, ಸಣ್ಣ ಚಕ್ರದ ಸಾಧನದಿಂದ ಹುರಿಯನ್ನು ಗಾಡಿಯೊಳಗೆ ಒತ್ತುತ್ತ ನಾಲ್ಕು ಸುತ್ತಲೂ ಬರಬೇಕು. ಇಲ್ಲಿ ಅತಿಯಾಗಿ ಎಳೆಯುವುದೇ ತಪ್ಪು. ಎಳೆದಷ್ಟೂ ಚೌಕಟ್ಟಿನ ಪಕ್ಕಗಳು ಒಳಕ್ಕೆ ಬಾಗಿ, ಕಿಟಕಿಯಲ್ಲಿ ಕೂರಿಸಿದಾಗ ಸಂದು ಬಿಡುತ್ತದೆ.

ವೆಲ್ಕ್ರೋ ಬಲೆಯ ರೋಗವೇ ಬೇರೆ. ಬಲೆ ಗಟ್ಟಿಯಾಗಿಯೇ ಇರುತ್ತದೆ, ಕೈಕೊಡುವುದು ಪಟ್ಟಿ. ಕೊಕ್ಕೆಗಳಲ್ಲಿ ದೂಳು, ಕೂದಲು ಸೇರಿ ಹಿಡಿತ ಸಡಿಲಾಗಿದ್ದರೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ಸಾಕು. ಪಟ್ಟಿಯೇ ಗೋಡೆಯಿಂದ ಬಿಟ್ಟುಕೊಂಡಿದ್ದರೆ, ಅದರ ಮೇಲೆಯೇ ಅಂಟು ಸುರಿಯಬಾರದು. ಹಳೆಯದನ್ನು ಕೆರೆದು ತೆಗೆದು, ಸ್ಪಿರಿಟ್ಟಿನಲ್ಲಿ ಒರಸಿ, ಪೂರಾ ಒಣಗಿದ ಮೇಲೆ ಹೊಸ ಪಟ್ಟಿ ಒತ್ತಬೇಕು. ಒಂದು ದಿನ ಬಿಟ್ಟು ಅದಕ್ಕೆ ಬಲೆಯನ್ನು ಹಚ್ಚಬೇಕು.

ಮರೆಯಬಾರದ ಎಚ್ಚರಿಕೆ

ಈ ಕೆಲಸದಲ್ಲಿ ಅಪಾಯ ಒಂದೇ ಒಂದು, ಆದರೆ ದೊಡ್ಡದು. ಮಹಡಿಯ ಮನೆಗಳಲ್ಲಿ ಕಿಟಕಿಯಿಂದ ಹೊರಕ್ಕೆ ಬಾಗಿ ರಿಪೇರಿ ಮಾಡಲು ಹೋಗಕೂಡದು. ಒಳಗಿನಿಂದ ಬಿಚ್ಚಲಾಗದ ಚೌಕಟ್ಟನ್ನು ಬಲ್ಲವರ ಕೈಗೇ ಒಪ್ಪಿಸಬೇಕು. ಜಾಲರಿ ಸೊಳ್ಳೆಯನ್ನು ತಡೆಯುವುದೇ ಹೊರತು ಮಗುವಿನ ಭಾರವನ್ನು ತಡೆಯದು. ಜಾಲರಿ ಇದೆಯೆಂದು ಕಬ್ಬಿಣದ ಸರಳುಗಳಿಲ್ಲದ ಕಿಟಕಿಯ ಬಳಿ ಮಂಚವನ್ನೋ ಕುರ್ಚಿಯನ್ನೋ ಇಟ್ಟು ಮಗುವನ್ನು ಆಡಬಿಡುವುದು ಎಂದಿಗೂ ಸಲ್ಲದು.

ಜಾಲರಿಗೆ ಕವಿದ ದೂಳನ್ನು ತಿಂಗಳಿಗೊಮ್ಮೆ ಮೃದುವಾದ ಬ್ರಷ್ಷಿನಿಂದ ತೆಗೆದು, ಸಾಬೂನು ನೀರಿನಲ್ಲಿ ಒರಸಿದರೆ ಗಾಳಿ ಸರಾಗವಾಗಿ ಆಡುತ್ತದೆ. ದೂಳು ತುಂಬಿದ ಜಾಲರಿಯೇ ಸೆಕೆಯ ನೆಪದಲ್ಲಿ ಕಿಟಕಿಯಿಂದ ಇಳಿಯುವುದು.

ಉಳಿದ ತುಂಡುಗಳನ್ನೂ ಎಸೆಯಬೇಕಾಗಿಲ್ಲ. ಶೌಚದ ಗುಂಡಿಯ ಗಾಳಿಕೊಳವೆಯ ಬಾಯಿಗೆ ಒಂದನ್ನು ಕಟ್ಟಿದರೆ ಅಲ್ಲಿಂದ ಏಳುವ ಸೊಳ್ಳೆಗಳ ದಂಡು ನಿಲ್ಲುತ್ತದೆ. ಮಾಳಿಗೆಯ ನೀರಿನ ಟ್ಯಾಂಕಿನ ಹೆಚ್ಚುವರಿ ನೀರು ಹೋಗುವ ಕೊಳವೆಗೆ ಇನ್ನೊಂದು. ಪಟ್ಟಣದ ಮಲೇರಿಯಾ ಸೊಳ್ಳೆಗೆ ಅಂಥ ಶುದ್ಧ ನೀರೇ ಪ್ರಿಯ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಬೆಚ್ಚನೆಯ ದಿನಗಳಲ್ಲಿ ಸುಮಾರು ಒಂದು ವಾರ ಹತ್ತು ದಿನ ಸಾಕು. ಆದುದರಿಂದ ಹೂಕುಂಡದ ತಟ್ಟೆ, ಬಕೆಟ್ಟು, ಡ್ರಮ್ಮುಗಳನ್ನು ವಾರಕ್ಕೊಮ್ಮೆ ಬರಿದು ಮಾಡಿ ಒಳಗೋಡೆಯನ್ನು ಉಜ್ಜಿ ತೊಳೆಯಬೇಕು. ಈಡಿಸ್ ಸೊಳ್ಳೆಯ ಮೊಟ್ಟೆಗಳು ಒಣಗಿದ ಪಾತ್ರೆಗೂ ಅಂಟಿಕೊಂಡು ತಿಂಗಳುಗಟ್ಟಲೆ ಬದುಕಿರಬಲ್ಲವು.

ಮನೆಯಲ್ಲಿ ಒಬ್ಬರಿಗೆ ಡೆಂಗಿ ಬಂದಾಗ ಜಾಲರಿಯ ಕೆಲಸ ಮುಗಿಯುವುದಿಲ್ಲ, ಇಮ್ಮಡಿಯಾಗುತ್ತದೆ. ಜ್ವರದ ಮೊದಲ ದಿನಗಳಲ್ಲಿ ರೋಗಿಯನ್ನು ಕಚ್ಚಿದ ಸೊಳ್ಳೆಯೇ ಮುಂದೆ ಆ ವಿಷವನ್ನು ಪಕ್ಕದ ಹಾಸಿಗೆಗೂ ಪಕ್ಕದ ಮನೆಗೂ ಒಯ್ಯುವುದು. ಆಗ ಆ ಕೋಣೆಯ ಜಾಲರಿ ಹೊರಗಿನ ಸೊಳ್ಳೆಯಿಂದ ರೋಗಿಯನ್ನು ಕಾಯುವುದರ ಜೊತೆಗೆ, ರೋಗಿಯಿಂದ ಬೀದಿಯ ಮಕ್ಕಳನ್ನೂ ಕಾಯುತ್ತದೆ. ಭಾನುವಾರದ ಒಂದು ಮಧ್ಯಾಹ್ನ, ಒಂದು ಸೂಜಿ, ಒಂದು ಮೊಳ ನೈಲಾನ್ ದಾರ: ಇಷ್ಟರಲ್ಲಿ ಆಗುವ ಕೆಲಸವನ್ನು ಮುಂಗಾರು ಮೋಡ ಕಟ್ಟುವ ಮೊದಲೇ ಮಾಡಿ ಮುಗಿಸುವುದು ಜಾಣತನ.